ತಿಳಿದರೆ ಹೂಂ ಅನ್ನು

ಇರುವೆ ಎಡಗಾಲಿನ ಹೆಬ್ಬೆರಳು ಹತ್ತಿತು, ಕರಿ ಇರುವೆ, ಕಚ್ಚುವ ಜಾತಿಯದಲ್ಲ, ಉಗುರಿನ ಮೇಲೆ ಸ್ವಲ್ಪ ನಿಂತು ಮೀಸೆ ಆಡಿಸಿ ಪಾದದ ಕಡೆ ತಿರುಗಿತು, ಅದು ನಡೆಯುವುದು ಕಣ್ಣಿಗೇನೋ ಕಾಣುತ್ತಿದೆ, ಕಾಲಿಗೆ ತಿಳಿಯುತ್ತಿದೆಯೋ ಇಲ್ಲವೋ, ದುರುಗಪ್ಪ ಕಣ್ಣು ಮುಚ್ಚಿಕೊಂಡ, ಈಗ ಎಲ್ಲಿದ್ದೀಯಪ್ಪಾ ತಂದೆ, ಪಾದದ ಮೇಲೋ, ಹರಡಿನ ಗಂಟಿನ ಹತ್ತಿರವೋ — ಏನೂ ಇಲ್ಲ, ಎಡಗಾಲು ಇರುವ ಕಡೆ ಎಂದಿನಂತೆ ಯಾರದೋ ಮೂಟೆ ಇಟ್ಟ ಹಾಗಿದೆ, ಸದ್ಯ ಎಂದು ಉಸಿರು ಬಿಟ್ಟ, ಬಿಟ್ಟ ಮೇಲೆ ತನಗೇ ನಾಚಿಕೆಯಾಯಿತು, ತನ್ನ ಕಾಲು ಸತ್ತೇ ಇದೆ ಎಂದು ಸಮಾಧಾನ ಪಡುವ ಗಂಡಸು ಈ ಲಿಂಗಸೂಗೂರಿನಲ್ಲಿ ತಾನೊಬ್ಬನೇ ಇರಬೇಕು. ಹಳೇ ದಂಡಿನ ಕಾಲದ ಕಲ್ಲುಕಟ್ಟಡ, ಕಟ್ಟೆ ತಣ್ಣಗಿದೆ, ಬಲತೊಡೆಗೆ ತಣ್ಣಗಿದೆ, ಒಳಗೆ ಪಿಂಚಣಿ ತಪಾಸಣೆಯ ಡಾಕ್ಟರುಗಳ ಕಮಿಟಿ ಕೂತಿದೆ, ಕರೀಂಸಾಬ್ ಬಾಗಿಲಿನಿಂದ ಒಮ್ಮೆ ತಲೆ ಹೊರಗೆ ಹಾಕಿ ನೋಡಿದ, ಕರೀಂಸಾಬ್ ಕಂಪೌಂಡರ್, ಡಾಕ್ಟರು ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುವವನೂ ಅವನೇ, ಒಳ್ಳೆಯ ಮನುಷ್ಯ, ಆದರೆ ಆ ಬಾಗಿಲಲ್ಲಿ ಒಳ್ಳೆಯವರ ಮುಖ ಕಂಡರೂ ಕಣ್ಣು ತಪ್ಪಿಸಬೇಕು ಅನ್ನಿಸುತ್ತದೆ, ಕುಂದ್ರಪಾ ಕುಂದ್ರು, ನಿನಗಿಂತ ಮುಂದ ಇನ್ನಾ ಮಂದಿ ಅದಾರ, ಅಂದ. ಒಬ್ಬನಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ಮೊಣಕೈಯಿಂದ ಕೆಳಗೆ ಕೈಯಿಲ್ಲ, ಪುಣ್ಯವಂತರು, ಇಲ್ಲದ್ದು ಇಲ್ಲ ಎಂದು ದೂರದಿಂದಲೇ ಕಾಣುತ್ತದೆ, ತನ್ನದು ಇದ್ದೂ ಇಲ್ಲದ ಕಾಲು, ಬರ್ಮಾದ ಕೆಸರುದಾರಿಯಲ್ಲಿ ಬಾಂಬಿನ ಚೂರು ಸೊಂಟಕ್ಕೆ ನಾಟಿದಂದಿನಿಂದ ಮೊಣಕಾಲಿನ ಕೆಳಗೆ ಅರಿವಿಲ್ಲ, ಎಳೆದರೆ ಬರುತ್ತದೆ, ಊರಿದರೆ ನಿಲ್ಲುತ್ತದೆ, ನೆಲ ಮುಟ್ಟಿದೆನೋ ಇಲ್ಲವೋ ಎಂಬುದನ್ನು ಮಾತ್ರ ಹೇಳುವುದಿಲ್ಲ, ಹೊಲದಲ್ಲಿ ಕುಂಟಿ ಹೊಡೆಯಲು ಹೋಗಿ ಆ ಕಾಲಿನ ಕಿರುಬೆರಳು ಹಾರಿಹೋದದ್ದು ಸಾಲು ಮುಗಿಸಿ ಹಿಂದಕ್ಕೆ ತಿರುಗಿ ರಕ್ತ ನೋಡಿದಾಗಲೇ ತಿಳಿದದ್ದು. ಪಲ್ಟಣಿಯವರು ಪಿಂಚಣಿ ಕೊಟ್ಟು ಕಳಿಸಿದರು, ಕೊಟ್ಟದ್ದನ್ನು ಕೊಟ್ಟೆವು ಎಂದು ಬಿಡುವ ಸರ್ಕಾರ ಎಲ್ಲಿದೆ, ಬಾ ತೋರಿಸು, ಮತ್ತೆ ಬಾ ಮತ್ತೆ ತೋರಿಸು, ಮೊದಲು ಸಿಂಧನೂರಿನಲ್ಲಿ ತೋರಿಸಿದ್ದಾಯಿತು, ಹೋದ ವರ್ಷ ಇಲ್ಲಿ, ಇಲ್ಲೇ ಕೆಟ್ಟದ್ದು, ಕಾಲು ನೆಟ್ಟಗಿದೆ, ಆಸಾಮಿ ಸುಳ್ಳ, ಪಿಂಚಣಿ ಬಂದ್, ಪಲ್ಟಣಿಗೆ ಹಾಜರಾಗಲಿ ಎಂದು ಬರೆದರು. ಮಸ್ಕಿಯಲ್ಲಿ ಅರ್ಜಿ ಬರೆಯುವ ಮರಿಸ್ವಾಮಿ ಅಪೀಲು ಬರೆದುಕೊಟ್ಟದ್ದರಿಂದ ಇಷ್ಟು ದಿನ ಮನೆಯಲ್ಲಿ ಉಳಿದ, ಇವತ್ತು ಅಪೀಲಿನ ತಪಾಸಣೆ, ಇವತ್ತೂ ನೆಟ್ಟಗಿದೆ ಎಂದರೆ ಮುಂದೆ ಕೇಳುವವರಿಲ್ಲ, ಲಡಾಯಿ ಇನ್ನೂ ನಡೆದೇ ಇದೆ, ಆ ಕೆಸರು, ಆ ಬಿದಿರು ಮೆಳೆ, ಆ ಸದ್ದು, ಅಲ್ಲಿಗೇ. ಎದುರಿನ ಬೇವಿನ ಕೆಳಗೆ ಹೆಂಡತಿ ಗದ್ದೆಮ್ಮ ರೊಟ್ಟಿ ಗಂಟು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಇತ್ತಲೇ ನೋಡುತ್ತಿದ್ದಾಳೆ.

ಇದ್ದಿಲ ಮೋಟರಿನ ಹೊಗೆ ಇನ್ನೂ ಅಂಗಿಯಲ್ಲಿದೆ, ಲಡಾಯಿಯ ದೆಸೆಯಿಂದ ಪೆಟ್ರೋಲು ಸಿಗದು, ಮೋಟರಿನ ಬೆನ್ನಿಗೆ ಒಲೆ ಕಟ್ಟಿ ಇದ್ದಿಲು ಸುರಿದು ಓಡಿಸುತ್ತಾರೆ, ಬೆಳಿಗ್ಗೆ ಸಿಂಧನೂರು ಬಿಟ್ಟಾಗ ಗಂಡಸಿನ ಹಾಗೆ ಹೊರಟದ್ದು ಮಸ್ಕಿಯ ಗುಡ್ಡ ಕಂಡದ್ದೇ ದಮ್ಮು ಹತ್ತಿ ನಿಂತಿತು, ಇಳೀರಿ ಎಲ್ಲಾರೂ, ಕೈ ಹಚ್ಚಿ ನೂಕ್ರಿ, ಡ್ರೈವರ್ ಕೂಗಿದ, ಮಂದಿ ಬೈಯುತ್ತ ಇಳಿದರು, ಗದ್ದೆಮ್ಮ ಅವನ ರಟ್ಟೆ ಹಿಡಿದು ಇಳಿಸಿದಳು, ನಮ್ಮ ಮಾವನ ಕಾಲು ನೆಟ್ಟಗಿಲ್ಲ ಯಣ್ಣಾ, ಅವನ್ನ ಬಿಡ್ರಿ, ಅಂದಳು, ಅಕ್ಕನ ಮಗಳಾಗಿದ್ದಾಗಿನ ಮಾವ, ಕೈ ಹಿಡಿದ ಮೇಲೂ ಮಾವನೇ, ಡ್ರೈವರ್ ಮೇಲಿನಿಂದ ಕೆಳಗೆ ನೋಡಿ, ನೆಟ್ಟಗ ನಿಂತಾನಲ್ಲಬೇ, ಏನಾಗೇತಿ ಅವನ ಕಾಲಿಗೆ, ಅಂದ. ಎಲ್ಲರೂ ಡಾಕ್ಟರೇ, ಊರ ಚಾವಡಿಯಲ್ಲಿ ಕೂತ ಕರಿಬಸಯ್ಯನೂ ಡಾಕ್ಟರೇ, ನೀರಿಗೆ ಬಂದ ಹೆಂಗಸರೂ ಡಾಕ್ಟರೇ, ಎಲ್ಲರ ಕಣ್ಣೂ ಮೊದಲು ಕಾಲಿಗೆ, ಆಮೇಲೆ ಮುಖಕ್ಕೆ, ಬೇಕೆಂದೇ ಸ್ವಲ್ಪ ಜಾಸ್ತಿ ಕುಂಟಿದ, ಕುಂಟಿದ್ದು ಬಲಗಾಲೋ ಎಡಗಾಲೋ ಆ ಗಾಬರಿಯಲ್ಲಿ ಅವನಿಗೇ ಗೊತ್ತಾಗಲಿಲ್ಲ. ಒಲೆಯಿಂದ ಒಂದಷ್ಟು ಕೆಂಡ ರಸ್ತೆಗೆ ಬಿದ್ದವು, ಬೂದಿ ಮುಚ್ಚಿ ಒಳಗೆ ಕೆಂಪು, ಅವನ್ನು ನೋಡುತ್ತ ನಿಂತ, ತನ್ನೂರು ಸಾಲಗುಂದದ ಅಲಾಯಿ ಕುಣಿಯ ಕೆಂಡ ಹೀಗೇ ಇತ್ತು, ಹೋದ ವರ್ಷ ಮೊಹರಮ್ಮಿನ ಕಡೆಯ ದಿನ, ಹಲಗೆ ಬಾರಿಸುತ್ತಿದ್ದರು, ಮಾವ ಜೀವಂತ ತಿರುಗಿ ಬಂದ್ರ ಅವನ ಕೈಲೇ ಕೆಂಡ ತುಳಿಸ್ತೀನಿ ಪೀರಲದೇವ್ರೇ ಎಂದು ಗದ್ದೆಮ್ಮ ಹೊತ್ತ ಹರಕೆ, ಬಂದ ಮೇಲೆ ತೀರಿಸದಿದ್ದರೆ ಆದೀತೇ, ತುಳಿದ, ಬಲಗಾಲು ಚುರ್ ಎಂದು ಓಡು ಓಡು ಎಂದಿತು, ಎಡಗಾಲು ಚಾಪೆಯ ಮೇಲೆ ಇಟ್ಟ ಹಾಗೆ ನಿಶ್ಚಿಂತೆಯಿಂದ ಇತ್ತು, ಬೆಳಗಾದ ಮೇಲೆ ಅಂಗಾಲು ತುಂಬ ಬೊಬ್ಬೆ. ಗದ್ದೆಮ್ಮ ಅತ್ತಳು. ಅವನು ಅಳಲಿಲ್ಲ, ಅವನಿಗೆ ಒಳಗೊಳಗೇ ಖುಷಿ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ, ಊರಿಗೆ ಊರೇ ನೋಡಿದೆ, ಇದನ್ನು ಹೇಳಿದರೆ ಯಾವ ಡಾಕ್ಟರು ತಾನೇ ಇಲ್ಲ ಅಂದಾನು, ಬೊಬ್ಬೆ ಒಣಗುವ ಮೊದಲೇ ತಪಾಸಣೆಗೆ ಕರೆ ಬರಲಿ ಎಂದು ಕಾದ, ಬಂತು, ಇದೇ ಬಾಗಿಲೊಳಗೆ ಹೋಗಿ ಅಂಗಾಲು ಎತ್ತಿ ತೋರಿಸಿ ಎದೆಯುಬ್ಬಿಸಿ ಹೇಳಿದ, ಸಾಹೇಬ್ರ, ಅಲಾಯಿ ಕೆಂಡ ತುಳಿದೀನ್ರಿ, ಈ ಕಾಲಿಗೆ ಏನೂ ತಿಳೀಲಿಲ್ರಿ. ಕರೀಂಸಾಬ್ ಅದನ್ನು ಉರ್ದುವಿನಲ್ಲಿ ಹೇಳುವಾಗಲೇ ಅವನ ಮುಖ ಸಣ್ಣದಾಗಿತ್ತು, ಡಾಕ್ಟರು ನಕ್ಕರು, ಮೇಜಿನ ಆಚೆಯ ಇಬ್ಬರೂ ನಕ್ಕರು, ಕರೀಂಸಾಬ್ ಮಾತ್ರ ನಗದೆ ಹೇಳಿದ, ಕೆಂಡ ತುಳಿದೋರೆಲ್ಲಾ ಸುಡಲಿಲ್ಲ ಅಂತಾರ, ಅವ್ರಿಗೆಲ್ಲಾ ಪಿಂಚಣಿ ಕೊಡಬೇಕೇನು ಅಂತ ಕೇಳಾಕತ್ತಾರ, ಮತ್ತ ಬೆಂಕಿ ಮ್ಯಾಲ ನಡಿಯಾವ ನೆಲದ ಮ್ಯಾಲ ಯಾಕ ನಡೀಬಾರದು ಅಂತಾರ. ಬಾಯಿ ಬಿಟ್ಟರೆ ಬಣ್ಣಗೇಡು. ಪೀರಲದೇವರ ಹರಕೆಯನ್ನು ಸರ್ಕಾರದ ಮೇಜಿನ ಮೇಲೆ ಇಡಬಾರದೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಉಳಿಯುತ್ತಿದ್ದ, ಆಮೇಲೆ ಸೂಜಿ ತಂದರು — ಕರೀಂಸಾಬ್ ಕಣ್ಣಿಗೆ ಬಟ್ಟೆ ಕಟ್ಟುವ ಮೊದಲು ಕಂಡದ್ದು ಅದೊಂದೇ, ಬಿಳಿ ಪಿಂಗಾಣಿ ತಟ್ಟೆಯಲ್ಲಿ ಸೂಜಿ, ಕೌದಿ ಹೊಲಿಯುವಂಥದ್ದಲ್ಲ, ಉದ್ದನೆಯದು, ತಲೆಗೆ ನೀಲಿ ಗಾಜಿನ ಮಣಿ, ಕಿಟಕಿಯ ಬೆಳಕು ಆ ಮಣಿಯಲ್ಲಿ ನಿಂತಿತ್ತು, ಆವತ್ತಿನಿಂದ ಕಣ್ಣು ಮುಚ್ಚಿದರೆ ಅದೇ, ಉಣ್ಣುವಾಗ ಅದೇ, ಹೊಲದ ಬದುವಿನಲ್ಲಿ ನೀಲಿ ಹೂ ಕಂಡರೂ ಅದೇ. ನೋಡಪಾ ದುರುಗಪ್ಪ, ಸಾಹೇಬ್ರು ಚುಚ್ಚತಾರ, ತಿಳಿದ್ರ ಹೂಂ ಅನ್ನು, ತಿಳೀದಿದ್ರ ಇಲ್ಲ ಅನ್ನು. ಸರಳ ಮಾತು, ಮಕ್ಕಳಿಗೂ ತಿಳಿಯುವ ಮಾತು. ಬಲಗಾಲಿಗೆ ಚುಚ್ಚಿದರು, ಹೂಂರಿ, ಇನ್ನೊಂದು ಕಡೆ, ಹೂಂರಿ, ಆಮೇಲೆ ಏನೂ ಇಲ್ಲ, ಎಡಗಾಲಿಗೆ ಬಂದಿರಬೇಕು, ಕತ್ತಲಲ್ಲಿ ಕೂತು ಕಿವಿಗೊಟ್ಟ, ದೊಡ್ಡವರು ಕೇಳಿದ ಮೇಲೆ ಸುಮ್ಮನೆ ಕೂಡುವುದು ಯಾವ ಮರ್ಯಾದೆ, ಗೌಡರ ಮುಂದೆ, ತಹಶೀಲ್ದಾರರ ಮುಂದೆ, ಸುಬೇದಾರರ ಮುಂದೆ ಬಾಯಿ ಬಿಡದೆ ನಿಂತವನನ್ನು ಸೊಕ್ಕಿನವನು ಅನ್ನುತ್ತಾರೆ, ಕೇಳಿದ ಕೂಡಲೇ ರೀ ಹಚ್ಚಿ ಉತ್ತರ ಕೊಡಬೇಕು, ಹುಟ್ಟಿದಾಗಿನಿಂದ ಕಲಿತದ್ದು ಅದೊಂದೇ, ಅಂಗಿಯ ತೋಳು ಸರಿದ ಸದ್ದಾಯಿತು, ಸ್ಪಿರಿಟ್ಟಿನ ವಾಸನೆ ಬಗ್ಗಿ ಹತ್ತಿರ ಬಂತು, ಈಗ ಚುಚ್ಚಿರಬೇಕು, ಪಾಪ ಕಾಯುತ್ತಿರಬೇಕು, ಇಲ್ರಿ ಸಾಹೇಬ್ರ. ಮತ್ತೆ ತೋಳು, ಮತ್ತೆ ವಾಸನೆ, ಇಲ್ರಿ. ಇಲ್ರಿ. ಎಷ್ಟು ಶಿಸ್ತಿನಿಂದ ಹೇಳಿದ, ಒಂದೂ ತಪ್ಪಿಸಲಿಲ್ಲ, ಶಾಭಾಸ್ ಅಂದಾರು ಅಂದುಕೊಂಡ, ಕೋಣೆಯಲ್ಲಿ ನಗೆ ಎದ್ದಿತು. ಕರೀಂಸಾಬ್ ಬಟ್ಟೆ ಬಿಚ್ಚುತ್ತ ಕಿವಿಯ ಹತ್ತಿರ, ಅಲ್ಲೋ ಹುಚ್ಚಪ್ಪ, ಚುಚ್ಚಿದ್ದು ತಿಳೀಲಿಲ್ಲಂದ್ರ ಚುಚ್ಚಿದಾಗೊಮ್ಮೆ ಸರಿಯಾಗಿ ಇಲ್ಲ ಅಂತ ಹೆಂಗ ಅಂದಿ, ಅಂದ. ಹೆಂಗ ಅಂದೆ. ವಾಸನೆ ಬಂತು, ತೋಳಿನ ಸದ್ದು ಬಂತು, ನೀವು ಕೇಳಿದಿರಿ, ನಾನು ಹೇಳಿದೆ — ಇದನ್ನೆಲ್ಲ ಹೇಳುವಷ್ಟರಲ್ಲಿ ಡಾಕ್ಟರು ಬರೆದು ಮುಗಿಸಿ ಕೈ ತೊಳೆಯಲು ಹೋಗಿದ್ದರು. ಖರೆ ಹೇಳಿ ಸುಳ್ಳನಾದ, ತಪ್ಪು ಅವರದೂ ಅಲ್ಲ, ಅವರ ಲೆಕ್ಕಕ್ಕೆ ಅದು ಸರಿಯೇ, ಇದನ್ನು ನೆನೆದಾಗಲೆಲ್ಲ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮುಂದಿನ ಸಲ ತಿಳಿದ್ರ ಹೂಂ ಅನ್ನು, ತಿಳೀದಿದ್ರ ಹೆಣದಂಗ ಸುಮ್ಕ ಇರು, ಅದನ್ನೂ ಕರೀಂಸಾಬನೇ ಹೇಳಿದ್ದು, ಹೇಳಬಾರದಿತ್ತು, ಹೇಳಿದ. ಹೆಣದಂತಿರುವುದನ್ನು ಮನೆಯ ಹಿತ್ತಲಲ್ಲಿ ಕಲಿತರು, ಮಧ್ಯಾಹ್ನ ಓಣಿಯಲ್ಲಿ ಯಾರೂ ಇಲ್ಲದಾಗ ಗದ್ದೆಮ್ಮ ತನ್ನ ಕುಪ್ಪಸದ ಚಿಂದಿಯಿಂದ ಅವನ ಕಣ್ಣು ಕಟ್ಟುವಳು, ಕೈಯಲ್ಲಿ ಕರಿಜಾಲಿ ಮುಳ್ಳು, ಮಾವ, ಈಗ ಚುಚ್ಚತೀನಿ ನೋಡು, ಹೇಳಬ್ಯಾಡಬೇ ಗದ್ದಿ, ಹೇಳಿ ಚುಚ್ಚಿದ್ರ ರೂಢಿ ಹೆಂಗಾಕ್ಕೈತಿ, ಆದರೂ ಬಳೆಯ ಸದ್ದಿಗೆ ಅವನಿಗೆ ಗೊತ್ತಾಗುತ್ತಿತ್ತು, ಬಳೆ ತೆಗೆ ಅನ್ನುವುದು ಹೇಗೆ, ಮುತ್ತೈದೆ, ಆ ಮಾತು ಬಾಯಿಗೆ ಬಂದೂ ನುಂಗಿದ, ಅವಳೇ ಸೆರಗನ್ನು ಬಳೆಗಳಿಗೆ ಬಿಗಿಯಾಗಿ ಸುತ್ತಿಕೊಂಡಳು, ಚುಚ್ಚಿದಳು, ಸುಮ್ಮನಿದ್ದ, ಚುಚ್ಚಿದಳು, ಸುಮ್ಮನಿದ್ದ, ಒಂದು ದಿನ ಬಟ್ಟೆ ಬಿಚ್ಚಿ ನೋಡಿದರೆ ಮೀನಖಂಡದ ತುಂಬ ರಕ್ತದ ಚುಕ್ಕೆ, ಅವಳು ಮುಳ್ಳು ಎಸೆದು ಮುಖ ಮುಚ್ಚಿಕೊಂಡು ಕೂತಿದ್ದಾಳೆ, ನನ್ನ ಕೈಲಿಂದ ಆಗಂಗಿಲ್ಲ ಮಾವ, ಇಂಥಾ ಪಾಪದ ಕೆಲಸ ಎಲ್ಲೀದು. ಮರುದಿನ ಮತ್ತೆ ಅವಳೇ ಮುಳ್ಳು ಆರಿಸಿ ತಂದಳು. ಸುಮ್ಮನಿರುವುದನ್ನು ಅವನು ಎಷ್ಟು ಕಲಿತನೆಂದರೆ ಯಾರಾದರೂ ಉಂಡೆಯಾ ಎಂದು ಕೇಳಿದರೂ ಉತ್ತರಕ್ಕೆ ಹೊತ್ತು ಹಿಡಿಯುತ್ತಿತ್ತು, ಹಗಲು ಮುಳ್ಳಿನಿಂದ ಚುಚ್ಚಿದ ಕಾಲನ್ನೇ ಸಂಜೆ ಅವಳು ತೊಡೆಯ ಮೇಲೆ ಎತ್ತಿಕೊಂಡು ಔಡಲ ಎಣ್ಣೆ ಹಚ್ಚಿ ತಿಕ್ಕುವಳು, ಜೀವ ಬರಲಿ, ಜೀವ ಬರಲಿ, ಚುಚ್ಚುವುದೂ ಅವಳೇ ತಿಕ್ಕುವುದೂ ಅವಳೇ, ಕಾಲಾದರೂ ಯಾವುದನ್ನು ಕೇಳಬೇಕು, ಹೋದ ಸಂತೆಯ ದಿನ ಅದು ತಿಕ್ಕಿದ್ದನ್ನು ಕೇಳಿತು — ಅದನ್ನು ನೆನೆಯಬಾರದು ಅಂದರೂ ನೆನಪಾಗುತ್ತದೆ — ಅವಳ ಹೆಬ್ಬೆರಳು ಹರಡಿನ ಹಿಂದೆ ಒತ್ತಿದಾಗ ಏನೋ ಆಯಿತು, ನೋವಲ್ಲ, ಮುಟ್ಟಿದ ಹಾಗೂ ಅಲ್ಲ, ಬತ್ತಿದ ಬಾವಿಯ ತಳದಲ್ಲಿ ಎಲ್ಲೋ ಒಂದು ಕಡೆ ತೇವ ಬಂದ ಹಾಗೆ ಒಂದು ಜೋಮು, ಬಂತು, ಹೋಯಿತು. ಏನಾತು ಮಾವ, ಯಾಕ ಹಂಗ ನೋಡಾಕತ್ತಿ. ಏನಿಲ್ಲ. ಏನಿಲ್ಲ ಅಂದ. ಬರ್ಮಾದಿಂದ ಬಂದಾಗಿನಿಂದ ಇದೊಂದಕ್ಕೇ ಕಾದಿದ್ದವನು, ಬಂದಾಗ ಅವಳ ತೊಡೆಯಿಂದ ಕಾಲು ಇಳಿಸಿಕೊಂಡ, ಈಗ ಬೇಡ, ಈ ವಾರ ಬೇಡ ನನ್ನಪ್ಪಾ, ಇಷ್ಟು ದಿನ ತಡೆದೀಯ, ಇನ್ನೊಂದು ವಾರ ತಡೆ, ಕಾಲನ್ನೇ ದೇವರ ಹಾಗೆ ಬೇಡಿಕೊಂಡ. ಅರ್ಧ ಜೀವದ ಕಾಲು ಹೊಲಕ್ಕೆ ಬಾರದು, ಕುಂಟಿ ಹಿಂದೆ ನಡೆಯದು, ಲಡಾಯಿಗೆ ಮಾತ್ರ ಅಷ್ಟು ಸಾಕು, ಲಡಾಯಿಯಲ್ಲಿ ಕಾಲು ಯಾರಿಗೆ ಬೇಕು, ಎದೆ ಎದುರಿಗಿದ್ದರೆ ಆಯಿತು. ಅದೇ ಪಲ್ಟಣಿಯಲ್ಲಿದ್ದ ವಳಕಮದಿನ್ನಿಯ ಬಾಲಪ್ಪನಿಗೆ ಕಾಲು ನೆಟ್ಟಗೇ ಇದ್ದವು, ಕೆಸರಿನಲ್ಲಿ ಪಕ್ಕದಲ್ಲೇ ಕೂತು ಕಾಲಿನ ಪಟ್ಟಿ ಬಿಚ್ಚಿ ಜಿಗಣೆ ಕೀಳುತ್ತಿದ್ದ, ಒಂದು ಬೀಡಿ ಕೊಡಲೇ ದುರುಗ್ಯಾ, ಈ ಹಾಳು ಜಿಗಣಿಗೆ ಬೆಂಕಿ ಇಡತೀನಿ, ಅಂದ, ಅಂಗಿಯ ಕಿಸೆಗೆ ಕೈ ಹಾಕಿ ಬೀಡಿ ತೆಗೆದು ತಿರುಗುವಷ್ಟರಲ್ಲಿ ಬಾಲಪ್ಪ ಇರಲಿಲ್ಲ, ಬೀಡಿ ಹಿಡಿದ ಕೈ ಚಾಚಿಯೇ ಇತ್ತು, ಆಮೇಲೆ ಸದ್ದು ಬಂತು, ಆಮೇಲೆ ಸೊಂಟ ಬಿಸಿಯಾಯಿತು. ಹೆದರಿಕೆ. ಇದನ್ನು ಮರಿಸ್ವಾಮಿ ಅಪೀಲಿನಲ್ಲಿ ಬರೆಯಲಿಲ್ಲ, ಹೆದರಿಕೆಗೆ ಯಾವ ಸರ್ಕಾರವೂ ಪಿಂಚಣಿ ಕೊಡುವುದಿಲ್ಲ, ಹೆದರಿಕೆಗೆ ಸೂಜಿ ಚುಚ್ಚಿ ನೋಡುವುದಿಲ್ಲ.

ದುರುಗಪ್ಪ ವಲದ್ ಭೀಮಪ್ಪ, ಸಾಲಗುಂದ, ಅಪ್ಪನ ಹೆಸರು ಹಚ್ಚಿ ಒಳಗಿನಿಂದ ಕೂಗಿದರು. ಎದ್ದ, ಎಡಗಾಲು ಎಲ್ಲಿದೆ ಎಂದು ನೋಡಿಕೊಂಡು ಊರಿದ, ಹೊಸ್ತಿಲು ದಾಟಿದ, ಮೇಜು ಅದೇ, ಕುರ್ಚಿಯಲ್ಲಿ ಕೂತವರು ಬೇರೆ, ನಡುವೆ ಇರುವವರು ವಯಸ್ಸಾದ ಡಾಕ್ಟರು, ಕನ್ನಡಕದ ಮೇಲಿನಿಂದ ನೋಡುತ್ತಾರೆ, ಬೈಯಲಿಲ್ಲ, ನಗಲಿಲ್ಲ, ಕೂಡು ಎಂದು ಕೈ ತೋರಿಸಿದರು, ಇಂಥವರಿಗೆ ಇನ್ನೂ ಹೆದರಬೇಕು, ಬೈಯುವವರ ಕಣ್ಣು ಎಲ್ಲೆಲ್ಲೋ ಇರುತ್ತದೆ, ಇವರದು ಕಾಲಿನ ಮೇಲೇ ಇದೆ. ಸುತ್ತಿಗೆಯಿಂದ ಮೊಣಕಾಲು ತಟ್ಟಿದರು, ಪಾದ ಹಿಡಿದು ತಿರುಗಿಸಿದರು, ಅಂಗಾಲಿನ ಹಳೇ ಕಲೆ ನೋಡಿ ಏನೋ ಕೇಳಿದರು, ಇದು ಹೆಂಗ ಸುಟ್ಟೈತಿ ಅಂತಾರಪಾ, ಕರೀಂಸಾಬ್ ಕೇಳಿ ಅವನ ಮುಖ ನೋಡಿದ, ಅಲಾಯಿ ನಾಲಿಗೆಯ ತುದಿಗೆ ಬಂತು, ನುಂಗಿದ, ತಿಳೀದಂಗ ಸುಟ್ಟೈತ್ರಿ ಅಂದ, ಸುಳ್ಳೂ ಅಲ್ಲ. ಬಿಳಿ ತಟ್ಟೆ ಬಂತು. ನೀಲಿ ತಲೆಯ ಸೂಜಿ, ಅದೇ, ಡಾಕ್ಟರು ಬದಲಾದರೂ ಸೂಜಿ ಬದಲಾಗಿಲ್ಲ. ಬಟ್ಟೆ ಕಟ್ಟಿದರು, ಕತ್ತಲಾಯಿತು, ತಿಳಿದ್ರ ಹೂಂ ಅನ್ನು, ತಿಳೀದಿದ್ರ ಇಲ್ಲ ಅನ್ನು, ಕರೀಂಸಾಬನ ದನಿ ಬೇಕೆಂದೇ ಒಣಗಿದಂತಿತ್ತು, ಬಲಗಾಲು, ಹೂಂರಿ, ಬಲಗಾಲು, ಹೂಂರಿ, ಆಮೇಲೆ ತೋಳು ಸರಿಯಿತು, ವಾಸನೆ ಬಗ್ಗಿತು, ಸುಮ್ಮನಿದ್ದ. ಗಂಟಲಿನವರೆಗೆ ಬಂದ ಇಲ್ರಿಯನ್ನು ಹಲ್ಲು ಕಚ್ಚಿ ಹಿಡಿದ, ಹೆಣ, ನಾನು ಹೆಣ, ಹೆಣಕ್ಕೆ ಮರ್ಯಾದೆ ಎಲ್ಲಿಯದು, ಮತ್ತೆ ವಾಸನೆ, ಸುಮ್ಮನಿದ್ದ, ಯಾರೋ ಕುರ್ಚಿ ಜರುಗಿಸಿದರು, ಸುಮ್ಮನಿದ್ದ, ಆಗುತ್ತಿದೆ ಗದ್ದಿ, ಕಲಿತದ್ದು ಆಗುತ್ತಿದೆ, ಇನ್ನೊಂದೆರಡು ಸಲ ತಡೆದರೆ ಮುಗಿಯಿತು — ಆಗ ಚುಚ್ಚಿತು.

ಎಡಗಾಲು, ಹರಡಿನ ಹಿಂದೆ, ಜೋಮಲ್ಲ, ತೇವವಲ್ಲ, ಸೂಜಿ, ತುದಿ ಎಷ್ಟು ಚೂಪೋ ಅಷ್ಟೇ ಚೂಪಾಗಿ, ಒಳಗಿಳಿದದ್ದೂ ತಿಳಿಯಿತು, ನಿಂತದ್ದೂ ತಿಳಿಯಿತು, ಎಂಥ ಸುಖ, ಕಣ್ಣುಕಟ್ಟಿನ ಒಳಗೆ ನೀರು ಬಂತು, ನನ್ನ ಕಾಲು, ನನ್ನದು, ಬಂದೆಯಾ, ಹೂಂ ಎದೆಯಿಂದ ಎದ್ದಿತು, ಒಂದೇ ಅಕ್ಷರ, ಇಷ್ಟು ವರ್ಷ ಹೇಳಬೇಕೆಂದು ಕಾದಿದ್ದ ಅಕ್ಷರ, ಗಂಟಲಿಗೆ ಬಂತು, ನಾಲಿಗೆಗೆ ಬಂತು, ತುಟಿಯ ಹಿಂದೆ ನಿಂತಿತು, ಚಾಚಿದ ಕೈಯಲ್ಲಿ ಬೀಡಿ, ಬಾಲಪ್ಪ ಇಲ್ಲ, ತುಟಿ ಬಿಗಿದ. ಸುಮ್ಮನಿದ್ದ. ಸೂಜಿ ಹೊರಗೆ ಬಂದದ್ದು ತಿಳಿಯಿತು, ಇನ್ನೊಮ್ಮೆ ಅಲ್ಲೇ, ಇನ್ನೂ ಆಳ, ಸುಮ್ಮನಿದ್ದ, ಬೆವರು ಹುಬ್ಬು ದಾಟಿ ಬಟ್ಟೆಗೆ ಇಳಿಯಿತು, ಡಾಕ್ಟರು ಅವನ ಮುಖವನ್ನೇ ನೋಡುತ್ತಿರಬೇಕು, ನೋಡಲಿ, ಮುಖದಲ್ಲಿ ಯಾರೂ ಇಲ್ಲ. ಡಾಕ್ಟರು ಮೆಲ್ಲಗೆ ಏನೋ ಹೇಳಿದರು, ಲೇಖನಿ ಕಾಗದದ ಮೇಲೆ ಓಡಿತು, ಬಟ್ಟೆ ಬಿಚ್ಚಿದರು, ಬೆಳಕು ಕಣ್ಣಿಗೆ ಹೊಡೆಯಿತು, ಕರೀಂಸಾಬನ ಮುಖ ಅರಳಿದೆ, ಆತಪಾ ದುರುಗಪ್ಪ, ನಿನ್ನ ಮಾತು ಖರೆ ಅಂತ ಬರದ್ರು, ಹೋದ ಸಲ ತಪ್ಪಾಗೇತಿ ಅಂದ್ರು, ಪಿಂಚಣಿ ಮೊದಲಿನಂಗ ಬರತೈತಿ, ವರ್ಷಕ್ಕೊಮ್ಮೆ ಬಂದು ಹಿಂಗ ತೋರಿಸಿ ಹೋಗು ಅಂದ್ರು, ಅಷ್ಟ. ಡಾಕ್ಟರು ಮುದುಕರು, ಅವನ ಹೆಗಲು ತಟ್ಟಿದರು, ತಪ್ಪು ಮಾಡಿದವರ ಪರವಾಗಿ ಕ್ಷಮೆ ಕೇಳುವವರಂತೆ ತಟ್ಟಿದರು, ಅವನು ಬಗ್ಗಿ ಸಲಾಮು ಮಾಡಿದ, ಬಗ್ಗಿದಾಗ ಹರಡಿನ ಹಿಂದೆ ರಕ್ತದ ಒಂದು ಹನಿ ಕಂಡಿತು, ಅದರ ಕೆಳಗೆ ಉರಿಯುತ್ತಿದೆ, ಚೆನ್ನಾಗಿ ಉರಿಯುತ್ತಿದೆ, ಕುಂಟಬೇಕು, ಬಾಗಿಲಿನ ತನಕ ಕುಂಟಬೇಕು, ಬಾಗಿಲಾಚೆ ಬೇವಿನ ಕೆಳಗೆ ಗದ್ದೆಮ್ಮ ಎದ್ದು ನಿಂತಿದ್ದಾಳೆ, ಏನಂದ್ರು ಮಾವ ಎಂದು ಕೇಳುತ್ತಾಳೆ, ಖರೆ ಅಂದ್ರು, ಅಷ್ಟು ಹೇಳಬಹುದು, ಸಂಜೆ ಅವಳು ಕಾಲನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಾಳೆ, ಎಣ್ಣೆ ಹಚ್ಚುತ್ತಾಳೆ, ಜೀವ ಬರಲಿ ಅನ್ನುತ್ತಾಳೆ, ಅವಳಿಗೂ ಹೇಳಬಾರದು, ಖುಷಿಗೆ ಓಣಿಯೆಲ್ಲ ಹೇಳಿಯಾಳು, ಪೀರಲದೇವರಿಗೆ ಸಕ್ಕರೆ ಹಂಚಿಯಾಳು, ಅವಳ ಹೆಬ್ಬೆರಳು ಹರಡಿನ ಹಿಂದೆ ಒತ್ತಿದಾಗ ಹೆಣದ ಹಾಗಿರಬೇಕು, ಇವತ್ತು, ನಾಳೆ, ಮುಂದಿನ ವರ್ಷ, ಅದರ ಮುಂದಿನ ವರ್ಷ, ಮೇಜಿನ ಮೇಲೆ ಬಿಳಿ ತಟ್ಟೆ, ತಟ್ಟೆಯಲ್ಲಿ ಸೂಜಿ, ಕರೀಂಸಾಬ್ ಅದನ್ನು ಅರಳೆಯಿಂದ ಒರೆಸಿ ಇಡುತ್ತಿದ್ದಾನೆ, ನೀಲಿ ಮಣಿಯಲ್ಲಿ ಕಿಟಕಿಯ ಬೆಳಕು, ಒರೆಸಿ ಇಡುತ್ತಿದ್ದಾನೆ, ಸೂಜಿ, ನೀಲಿ ತಲೆಯ ಸೂಜಿ.